ಸೇವಾದಳದ ಹರ್ಡೀಕರರು
(ಮುಂಡಗೋಡ ಭಾಗದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಾಠ)



ರಾಷ್ಟ್ರೀಯ ಹಬ್ಬಗಳಂದು ಶಾಲೆಯ ಅಂಗಳದಲ್ಲಿ ಬಿಳಿ ಟೊಪ್ಪಿಗೆ ಧರಿಸಿ ಸಾಲಾಗಿ ನಿಲ್ಲುವ ಸೇವಾದಳದ ಮಕ್ಕಳನ್ನು ನೀವೆಲ್ಲ ಕಂಡಿದ್ದೀರಿ. ಆ ದಳವನ್ನು ಕಟ್ಟಿದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ಹೆಸರು ಮಾತ್ರ ಮರೆಯಾಗುತ್ತಿದೆ. ಅವರೇನೂ ದೂರದವರಲ್ಲ. ಮುಂಡಗೋಡದಿಂದ ತಡಸದ ಮೇಲೆ ಹೋಗುವ ಬಸ್ಸು ತಲುಪುವ ಹುಬ್ಬಳ್ಳಿಯೇ ಅವರ ಕರ್ಮಭೂಮಿ.

ಬಾಲಕರಿಗೆ ಶಿಸ್ತು, ಸೇವೆ, ವನಜೀವನ ಕಲಿಸುವ ಸ್ಕೌಟ್ ಚಳವಳಿ ಈ ದೇಶಕ್ಕೆ 1909ರಲ್ಲಿ ಬೆಂಗಳೂರಿನ ಮೂಲಕವೇ ಬಂದಿತು. ಆದರೆ ಅದು ಮೊದಲಿಗೆ ಐರೋಪ್ಯ ಹಾಗೂ ಆಂಗ್ಲೋ-ಇಂಡಿಯನ್ ಬಾಲಕರಿಗಷ್ಟೇ ಮೀಸಲಾಗಿತ್ತು. ಅದರ ಪ್ರತಿಜ್ಞೆಯಲ್ಲಿ ಅರಸನಿಗೆ ನಿಷ್ಠೆಯ ಮಾತೂ ಇತ್ತು. ಆನಿ ಬೆಸೆಂಟ್ ಮತ್ತು ಮದನಮೋಹನ ಮಾಳವೀಯರು ಭಾರತೀಯ ಬಾಲಕರಿಗಾಗಿ ಪ್ರತ್ಯೇಕ ಸ್ಕೌಟ್ ಸಂಘಗಳನ್ನು ಕಟ್ಟಿದರು. ಹರ್ಡೀಕರರು ಹಿಡಿದ ದಾರಿ ಬೇರೆ. ಶಿಸ್ತನ್ನು ಉಳಿಸಿಕೊಂಡು, ನಿಷ್ಠೆಯನ್ನು ಅರಸನಿಂದ ಜನರ ಕಡೆಗೆ ತಿರುಗಿಸಿದರು.

1889ರಲ್ಲಿ ಧಾರವಾಡ ಜಿಲ್ಲೆಯ ತಿರ್ಲಾಪುರದಲ್ಲಿ ಜನಿಸಿದ ಅವರು ವೈದ್ಯರಾದರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, ಅಲ್ಲಿಯೇ ಲಾಲಾ ಲಜಪತರಾಯರ ಜೊತೆ ದುಡಿದು, 1921ರಲ್ಲಿ ತಾಯ್ನಾಡಿಗೆ ಮರಳಿದರು. ದವಾಖಾನೆ ತೆರೆದು ನೆಮ್ಮದಿಯಿಂದ ಇರಬಹುದಿತ್ತು. ಹುಬ್ಬಳ್ಳಿಯ ಯುವಕರನ್ನು ಕೂಡಿಸಿ ಸೇವಾ ಮಂಡಲ ಕಟ್ಟಿದರು.

ಅದರ ಪರೀಕ್ಷೆ ನಡೆದುದು 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ. ಸೆರೆಮನೆಯ ಕಾಠಿಣ್ಯ ತಾಳಲಾರದೆ ಅನೇಕರು ಕ್ಷಮೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡದವರು ಬರೆದುಕೊಡಲಿಲ್ಲ. ಇವರೇನು ಇತರರಿಗಿಂತ ಹೆಚ್ಚು ದೇಶಭಕ್ತರೆ? ಹಾಗೆನ್ನುವುದು ಅನ್ಯಾಯವಾದೀತು. ಉಳಿದವರಲ್ಲಿ ಉತ್ಸಾಹವಿತ್ತು, ಇವರಲ್ಲಿ ಉತ್ಸಾಹದೊಂದಿಗೆ ತರಬೇತಿಯೂ ಇತ್ತು. ಹರ್ಡೀಕರರು ಇದನ್ನು ಕಾಂಗ್ರೆಸ್ಸಿನ ಮುಂದಿಟ್ಟ ಫಲವಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಅಖಿಲ ಭಾರತ ಮಟ್ಟದ ಸ್ವಯಂಸೇವಕ ದಳ ಹುಟ್ಟಿತು. ಜವಾಹರಲಾಲ ನೆಹರೂ ಅದರ ಪ್ರಥಮ ಅಧ್ಯಕ್ಷರು. ಮುಂದೆ ಅದು ಹಿಂದುಸ್ಥಾನಿ ಸೇವಾದಳವೆಂದು ಪ್ರಸಿದ್ಧವಾಯಿತು.

ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ. ಸಾವಿರಾರು ಜನರ ವಸತಿಯಲ್ಲಿ ಶೌಚದ ವ್ಯವಸ್ಥೆಯೇ ಅತ್ಯಂತ ಕಠಿಣವಾದುದು. ಜಾತಿಯ ಕಾರಣದಿಂದ ಕೆಲವರ ಪಾಲಿಗೆ ದೂಡಲಾಗಿದ್ದ ಆ ಕೆಲಸಕ್ಕೆ ಅಲ್ಲಿ ಸ್ವಯಂಸೇವಕರೇ ಕೈಹಚ್ಚಿದರು. ಕವಾಯತಿನ ಚಿತ್ರಗಳು ಎಲ್ಲರ ನೆನಪಿನಲ್ಲಿ ಉಳಿಯುತ್ತವೆ, ಪೊರಕೆ ಹಿಡಿದ ಕೈ ಉಳಿಯುವುದಿಲ್ಲ. ಮಹಿಳಾ ಸ್ವಯಂಸೇವಕಿಯರನ್ನು ಮುನ್ನಡೆಸಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಎಳೆ ವಯಸ್ಸಿನಲ್ಲಿಯೇ ವಿಧವೆಯಾದ ಅವರು ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಹೊರಗೆ ಕರೆತಂದರು. ಹರ್ಡೀಕರರನ್ನು ಸ್ಮರಿಸುವಾಗ ಈ ತಾಯಿಯನ್ನು ಬಿಟ್ಟು ಮಾತನಾಡುವ ರೂಢಿ ಸರಿಯಲ್ಲ.

1931ರಲ್ಲಿ ದಳವು ಕಾಂಗ್ರೆಸ್ಸಿನ ಅಂಗವಾಯಿತು. 1932ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಕಟ್ಟಿದ್ದು ಕೈತಪ್ಪಿದರೂ ಹರ್ಡೀಕರರು ಸುಮ್ಮನೆ ಕೂಡಲಿಲ್ಲ. ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಸಂಗಡಿಗ ವೈದ್ಯರೊಡನೆ 1929ರಲ್ಲಿ ಸ್ಥಾಪಿಸಿದ್ದ ಕರ್ನಾಟಕ ಆರೋಗ್ಯಧಾಮವಿತ್ತು, ರೋಗಿಗಳಿದ್ದರು. ಸ್ವಾತಂತ್ರ್ಯಾನಂತರ ರಾಜ್ಯಸಭೆಯ ಸದಸ್ಯತ್ವ, 1958ರಲ್ಲಿ ಪದ್ಮಭೂಷಣ ಬಂದವು. ಅವುಗಳಿಗಿಂತ ಮುಖ್ಯವಾದುದು ಶಾಲಾಮಕ್ಕಳಿಗಾಗಿ, ರಾಜಕೀಯದ ಹೊರಗೆ ಅವರು ಕಟ್ಟಿದ ಭಾರತ ಸೇವಾದಳ. ಪಕ್ಷದೊಳಗೆ ಸೇರಿದ ದಳಕ್ಕೆ ಏನಾಯಿತೆಂಬುದನ್ನು ಅವರು ಕಣ್ಣಾರೆ ಕಂಡಿದ್ದರಷ್ಟೆ. 1975ರಲ್ಲಿ ಅವರು ನಿಧನರಾದರು.

ಈ ಮಾತನ್ನು ಮುಂಡಗೋಡದಲ್ಲಿ ಎತ್ತಲು ಕಾರಣವಿದೆ. ಇಲ್ಲಿನ ಎಲೆಯುದುರುವ ಕಾಡಿಗೆ ಫಾಲ್ಗುಣ-ಚೈತ್ರದಲ್ಲಿ ಬೆಂಕಿ ಬಿದ್ದಾಗ ಇಲಾಖೆಯ ಜೀಪು ಬರುವ ಹೊತ್ತಿಗೆ ತರಗೆಲೆಯೊಂದಿಗೆ ಎಳೆಯ ಸಸಿಗಳೂ ಸುಟ್ಟಿರುತ್ತವೆ. ಮೊದಲು ತಲುಪುವವರು ಹತ್ತಿರದ ಹಳ್ಳಿಯವರೇ. ಅವರಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ಯಾರು ಹಸಿಸೊಪ್ಪು ಹಿಡಿದು ಬಡಿಯಬೇಕು, ಯಾರು ಗಾಳಿಯ ದಿಕ್ಕು ನೋಡಿ ಮುಂದೆ ತರಗು ಗುಡಿಸಿ ಬೆಂಕಿರೇಖೆ ಬಿಡಿಸಬೇಕು, ಯಾರು ನೀರು ಹೊರಬೇಕು ಎಂಬುದು ಮೊದಲೇ ಗೊತ್ತಾಗಿರುವುದಿಲ್ಲ, ಅಷ್ಟೇ. ಪ್ರತಿ ಶಾಲೆಯ ಸೇವಾದಳ, ಸ್ಕೌಟ್ ಹಾಗೂ ಗೈಡ್ ಮಕ್ಕಳು ಬೆಂಕಿಯ ಹತ್ತಿರ ಹೋಗಬೇಕಿಲ್ಲ. ಪುಷ್ಯ-ಮಾಘದಲ್ಲಿಯೇ ಊರ ಹಿರಿಯರ ಜೊತೆ ಕುಳಿತು ಕಾಲುದಾರಿ, ಹಳ್ಳ, ಬಾವಿಗಳನ್ನು ಗುರುತಿಸಿದ ನಕಾಶೆಯೊಂದನ್ನು ಬರೆದು ಪಂಚಾಯತಿಯ ಗೋಡೆಗೆ ಅಂಟಿಸಲಿ. ಅದಕ್ಕೆ ಒಂದು ಕಾಗದ, ನಾಲ್ಕು ಬಣ್ಣದ ಪೆನ್ಸಿಲ್ ಸಾಕು.