ಹನೋಯ್‌ ಬೀದಿಯ ಬಟ್ಟಲು

ವಿಯೆಟ್ನಾಮಿನ ರಾಜಧಾನಿ ಹನೋಯ್‌ನ ಹಳೇ ಪೇಟೆಯನ್ನು ನಡೆದೇ ನೋಡಬೇಕು. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಗಳಂತೆ ಅಲ್ಲೂ ಬೀದಿಗಳಿಗೆ ಸರಕಿನದೇ ಹೆಸರು: ಸಕ್ಕರೆ ಬೀದಿ, ಬೆಳ್ಳಿ ಬೀದಿ.

ಬೆಳ್ಳಂಬೆಳಗ್ಗೆಯೇ ಫುಟ್‌ಪಾತಿನ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು ಹರಡಿಕೊಳ್ಳುತ್ತವೆ. ಫೋ ಎಂಬ ಶಾವಿಗೆ ಸಾರು ಮಾಡುವಾಕೆ ಅಕ್ಕಿ ಶಾವಿಗೆಯನ್ನು ಕುದಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಬಟ್ಟಲಿಗೆ ಹಾಕಿ, ಮಾಂಸದ ತೆಳು ಹೋಳು, ಈರುಳ್ಳಿ ಸೊಪ್ಪು ಉದುರಿಸಿ ಸಾರು ಹೊಯ್ಯುತ್ತಾಳೆ. ಮೂಳೆ, ಚಕ್ಕೆ, ಚಕ್ರಮೊಗ್ಗು, ಸುಟ್ಟ ಶುಂಠಿ ಹಾಕಿ ಗಂಟೆಗಟ್ಟಲೆ ಕುದಿಸಿದ ಸಾರು ಅದು. ಊರು ಮಲಗಿರುವಾಗಲೇ ಒಲೆ ಹೊತ್ತಿಸಿದವರ ದುಡಿಮೆ ಆ ಒಂದು ಬಟ್ಟಲಿನಲ್ಲಿದೆ. ನನಗೆ ದೊಡ್ಡ ಹೋಟೆಲಿನ ಊಟಕ್ಕಿಂತ ಇದರ ಮೇಲೇ ಗೌರವ ಹೆಚ್ಚು.

ಆಮೇಲೆ ಮೊಟ್ಟೆ ಕಾಫಿ. 1946ರ ಸುಮಾರಿಗೆ ಹನೋಯ್‌ನಲ್ಲಿ ಹಾಲಿಗೆ ಬರ. ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನುಯೆನ್ ವಾನ್ ಜಾಂಗ್ ಎಂಬಾತ ಹಳದಿ ಲೋಳೆಯನ್ನು ಸಕ್ಕರೆಯೊಂದಿಗೆ ನೊರೆಯೇಳುವಂತೆ ಕಡೆದು ಕಾಫಿಯ ಮೇಲೆ ಸುರಿದ. ಆತನ ಹೆಸರಿನ ಅಂಗಡಿಯನ್ನು ಮಕ್ಕಳು ಮುಂದುವರಿಸಿಕೊಂಡು ಬಂದರು. ಬಟ್ಟಲು ತಣ್ಣಗಾಗದಿರಲೆಂದು ಅದನ್ನು ಬಿಸಿನೀರಿನಲ್ಲಿಟ್ಟು ಕೊಡುತ್ತಾರೆ. ಮೇಲೆ ದಪ್ಪ ಸಿಹಿ ಕೆನೆ, ಕೆಳಗೆ ಕಹಿ ಡಿಕಾಕ್ಷನ್.

ಬಿಸಿಲೇರಿದರೆ ರಸ್ತೆಬದಿಯಲ್ಲಿ ಐಸ್ ಹಾಕಿದ ಹಸಿರು ಚಹಾ, ಕಬ್ಬಿನ ಹಾಲು. ಸಂಜೆಗೆ ಅಂದಂದೇ ಖಾಲಿಯಾಗುವ ತಾಜಾ ಬಿಯರ್.

ಸಸ್ಯಾಹಾರಿಗಳೂ ಹಿಂಜರಿಯಬೇಕಿಲ್ಲ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿನ ಅನೇಕ ಬೌದ್ಧರು ಮಾಂಸ ಮುಟ್ಟುವುದಿಲ್ಲ. ಆ ದಿನಗಳಲ್ಲಿ ತೋಫು, ಅಣಬೆ, ಸೊಪ್ಪಿನ ಅಡುಗೆ ಬೀದಿಯಲ್ಲೇ ಧಾರಾಳವಾಗಿ ಸಿಗುತ್ತದೆ.