ಪಾರ್ಟ್ ಟೂ ಬಂತು, ಪೆಟ್ಟು ಮಾತ್ರ ತಾಗ್ತಿಲ್ಲ

ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯಿಂದ ಮಾತಾಡ್ತಾ ಇದೀನಿ. ಇವತ್ತಿನ ಎಪಿಸೋಡಿನ ವಿಷಯ ಫೈಟು. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಸಿನಿಮಾಗಳ ಎರಡನೇ ಭಾಗದಲ್ಲಿ ಬರೋ ಫೈಟು. ಮೊದಲನೇ ಭಾಗ ನೋಡುವಾಗ ಕುರ್ಚಿ ತುದಿಗೆ ಬಂದು ಕೂತಿದ್ದ ನಾವು, ಎರಡನೇ ಭಾಗದ ಫೈಟು ಶುರು ಆದ ತಕ್ಷಣ ಫೋನ್ ತೆಗೆದು ವಾಟ್ಸಾಪ್ ನೋಡ್ತೀವಲ್ಲ, ಅದು ಯಾಕೆ?

ನಾನು ಓದಿದ್ದು ಬಿ.ಕಾಂ. ಪಿಯುಸಿಯಲ್ಲಿ ಕಂಠಪಾಠ ಮಾಡಿಸಿದ್ದ ಒಂದು ನಿಯಮ ಇನ್ನೂ ನೆನಪೈತಿ: ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಹೆಸರು ಕೇಳಿ ಹೆದರಬ್ಯಾಡ್ರಿ. ಮಂಡಕ್ಕಿ ಜೊತೆ ಮೊದಲನೇ ಮಿರ್ಚಿ ತಿಂದಾಗ ಸ್ವರ್ಗ, ಎರಡನೇದು ಚಲೋ, ಐದನೇದು ಬ್ಯಾಡಪ್ಪಾ. ಅಷ್ಟೇ. ಸಿನಿಮಾದವರು ಈ ನಿಯಮ ಓದಿಲ್ಲ ಅನ್ಸುತ್ತೆ. ಮೊದಲನೇ ಭಾಗದಲ್ಲಿ ಹೀರೋ ಹತ್ತು ಜನಕ್ಕೆ ಹೊಡೆದಿದ್ದಕ್ಕೆ ಶಿಳ್ಳೆ ಬಿತ್ತು, ಹಂಗಾದ್ರೆ ನೂರು ಜನಕ್ಕೆ ಹೊಡೆದ್ರೆ ಹತ್ತು ಪಟ್ಟು ಶಿಳ್ಳೆ ಬೀಳ್ಬೇಕು ಅನ್ನೋದು ಅವರ ಲೆಕ್ಕ. ಬೀಳಲ್ಲ.

ಕೆಜಿಎಫ್ ತಗೊಳ್ರಿ. ಚಾಪ್ಟರ್ ಒಂದು ಬಂದಿದ್ದು 2018ರ ಡಿಸೆಂಬರ್ 21ಕ್ಕೆ, ಚಾಪ್ಟರ್ ಎರಡು 2022ರ ಏಪ್ರಿಲ್ 14ಕ್ಕೆ. ಎರಡಕ್ಕೂ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂದಿದೆ. ಮೊದಲನೇದಕ್ಕೆ ವಿಕ್ರಮ್ ಮೋರ್ ಮತ್ತು ಅನ್ಬರಿವ್ ಜೋಡಿಗೆ, ಎರಡನೇದಕ್ಕೆ ಅನ್ಬರಿವ್‌ಗೆ. ಪ್ರಶಸ್ತಿ ಕೊಟ್ಟವರ ಜೊತೆ ಜಗಳಕ್ಕೆ ನಿಲ್ಲೋಷ್ಟು ದೊಡ್ಡವನಲ್ಲ ನಾನು. ಆದ್ರೆ ಟಿಕೆಟ್ ತಗೊಂಡು ನೋಡಿದವನಿಗೂ ಒಂದು ಮಾತಿರುತ್ತೆ.

ಚಾಪ್ಟರ್ ಒಂದರಲ್ಲಿ ನರಾಚಿಗೆ ಹೋದ ರಾಕಿ ಎಷ್ಟು ಹೊತ್ತು ಸುಮ್ಮನಿರ್ತಾನೆ ನೆನಪು ಮಾಡ್ಕೊಳ್ರಿ. ಕಣ್ಣೆದುರೇ ಅನ್ಯಾಯ ನಡೆದ್ರೂ ಕೈ ಎತ್ತಲ್ಲ. ನಾವು ಒಳಗೊಳಗೇ ಕುದೀತಾ ಇರ್ತೀವಿ. ಆಮೇಲೆ ಆ ಕುರುಡು ಮುದುಕನ ಸರದಿ ಬಂದಾಗ ಅವನ ಕೈ ಏಳುತ್ತಲ್ಲ, ಆ ಫೈಟಿನಲ್ಲಿ ಯಾವ ಹೊಡೆತ ಎಷ್ಟು ಸ್ಟೈಲಾಗಿತ್ತು ಅಂತ ಯಾರಿಗೂ ನೆನಪಿಲ್ಲ. ಆದ್ರೆ ಅಲ್ಲಿ ಕೂಡಿಟ್ಟ ಸಿಟ್ಟು ಖರ್ಚಾಗಿದ್ದು ಎಲ್ರಿಗೂ ನೆನಪೈತಿ. ಕ್ಲೈಮ್ಯಾಕ್ಸ್ ಅಂತೂ ಫೈಟೇ ಅಲ್ಲ. ಬಲಿ ಕೊಡೋ ಜಾಗದಲ್ಲಿ ಗರುಡನ ಮೇಲೆ ಒಂದು ಏಟು, ಮುಗೀತು. ಇಡೀ ಸಿನಿಮಾ ಆ ಒಂದು ಏಟಿಗೆ ಉಳಿತಾಯ ಖಾತೆ ಇದ್ದಂಗೆ.

ಚಾಪ್ಟರ್ ಎರಡರಲ್ಲಿ ಖಾತೆ ತೆರೆಯೋ ಮೊದಲೇ ಖರ್ಚು ಶುರು. 'ದೊಡ್ಡಮ್ಮ' ಅನ್ನೋ ಮಷಿನ್ ಗನ್ ತಂದು ಪೊಲೀಸ್ ಸ್ಟೇಷನ್ ಪುಡಿ ಮಾಡಿ, ಕೆಂಪಗೆ ಕಾದ ಬ್ಯಾರೆಲ್‌ನಿಂದ ಸಿಗರೇಟು ಹಚ್ಚಿಕೊಳ್ಳೋ ಸೀನು. ನಾನೂ ಕೂಗಿದೀನಿ, ಸುಳ್ಳು ಹೇಳಲ್ಲ. ಆದ್ರೆ ಅದು ಫೈಟಲ್ಲ, ಪಟಾಕಿ. ಎದುರಿಗೆ ಯಾರೂ ಇಲ್ಲ. ರಾಕಿಗೆ ಏನೋ ಆಗಬಹುದು ಅನ್ನೋ ಅನುಮಾನ ಇಲ್ಲ. ಅದೇ ಸಿನಿಮಾದಲ್ಲಿ ಅಧೀರ ಮೊದಲನೇ ಸಲ ಬಂದು ರಾಕಿಗೆ ಗುಂಡು ಹೊಡೆದು ಕೆಡವ್ತಾನಲ್ಲ, ಆಗ ಥಿಯೇಟರ್ ಒಂದು ಕ್ಷಣ ಗಪ್ ಆಗಿತ್ತು. ನನ್ನ ಪ್ರಕಾರ ಇಡೀ ಎರಡನೇ ಭಾಗದ ನಿಜವಾದ ಪೆಟ್ಟು ಅದು. ಬಿದ್ದಿದ್ದು ಹೀರೋಗೆ.

ಇಲ್ಲೇ ಒಂದು ಮಾತು. ನಮ್ಮ ಬಳ್ಳಾರಿ, ವಿಜಯನಗರದ ಕಡೆ ಬಯಲಾಟ, ಅಂದ್ರೆ ದೊಡ್ಡಾಟ, ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಆಟದಲ್ಲಿ ಯಾವ ಪಾತ್ರ ಬಂದ್ರೂ ಮೊದಲು ಸಾರಥಿ ಬಂದು ವಿಚಾರಿಸ್ತಾನೆ: ತಾವು ಯಾರು, ಎಲ್ಲಿಯವರು, ಏನು ಪರಾಕ್ರಮ. ರಾಜನಿಗೂ ಕೇಳ್ತಾನೆ, ರಾಕ್ಷಸನಿಗೂ ಕೇಳ್ತಾನೆ. ರಾಕ್ಷಸ ಭುಜಕೀರ್ತಿ ಅಲ್ಲಾಡಿಸ್ತಾ ತನ್ನ ಬಗ್ಗೆ ಹೇಳಿಕೊಂಡು, ಅಟ್ಟದ ಹಲಗೆ ಮುರಿಯೋ ಹಂಗೆ ಕುಣಿದು, ಆಮೇಲೆ ಯುದ್ಧ. ನಸುಕಿನ ನಾಲ್ಕು ಗಂಟೆಗೂ ಜನ ಕಣ್ಣು ಮುಚ್ಚದೆ ಕೂತಿರ್ತಾರೆ. ಕತ್ತಿ ಮರದ್ದು, ಯಾರಿಗೂ ತಾಗಲ್ಲ ಅಂತ ಎಲ್ರಿಗೂ ಗೊತ್ತು. ಆದ್ರೂ ಕೂತಿರ್ತಾರೆ, ಯಾಕಂದ್ರೆ ಹೊಡೆಯೋನು ಯಾರು, ಹೊಡೆಸಿಕೊಳ್ಳೋನು ಯಾರು ಅಂತ ಗೊತ್ತಾಗೈತಿ. ಈಗಿನ ಪಾರ್ಟ್ ಟೂಗಳಲ್ಲಿ ಗಾಳಿಯಲ್ಲಿ ಹಾರೋ ಇನ್ನೂರು ಜನರಲ್ಲಿ ಒಬ್ಬನಿಗಾದ್ರೂ ಸಾರಥಿ ಇದಾನಾ?

ಕನ್ನಡಕ್ಕೆ ಸೀಕ್ವೆಲ್ ಹೊಸದಲ್ಲ. ರಾಜ್‌ಕುಮಾರ್ ಅವರ ಸಿಐಡಿ 999 ಸರಣಿ ನೋಡ್ರಿ. 1968ರಲ್ಲಿ ಜೇಡರ ಬಲೆ, ಅದೇ ವರ್ಷ ಗೋವಾದಲ್ಲಿ ಸಿಐಡಿ 999, 1969ರಲ್ಲಿ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999, ಆಮೇಲೆ 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ದೊರೈ-ಭಗವಾನ್ ಮಾಡಿದ್ದು. ಶಂಕರ್‌ನಾಗ್ ಅವರ ಸಾಂಗ್ಲಿಯಾನ 1988ರಲ್ಲಿ ಬಂತು, ಎರಡನೇ ಭಾಗ 1990ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಇಲ್ಲೇ ನಮ್ಮ ಪಕ್ಕದ ದಾವಣಗೆರೆ ಹತ್ರ, ಆನಗೋಡಿನಲ್ಲಿ ಅವರ ಕಾರು ಅಪಘಾತ ಆಯ್ತು. ಈಗ್ಲೂ ಹೈವೇಯಲ್ಲಿ ಆ ಜಾಗ ದಾಟುವಾಗ ನಮ್ಮ ಕಡೆ ಆಟೋ ಡ್ರೈವರುಗಳು ಹೆಸರು ತೆಗೀತಾರೆ, ಅದು ಬೇರೆ ಕತೆ. ನಾನು ಹೇಳೋದು ಏನಂದ್ರೆ, ಆಗಿನ ಪಾರ್ಟ್ ಟೂ ಅಂದ್ರೆ ಹೊಸ ಕೇಸು. ಹೀರೋ ಅಳತೆ ಅಷ್ಟೇ ಇರ್ತಿತ್ತು, ತೊಂದರೆ ಹೊಸದು. ಈಗಿನ ಪಾರ್ಟ್ ಟೂ ಅಂದ್ರೆ ತೊಂದರೆ ಅದೇ, ಹೀರೋ ಮಾತ್ರ ದೊಡ್ಡವನಾಗ್ತಾನೆ. ಬೆಟ್ಟದಷ್ಟು ದೊಡ್ಡವನಾದ ಮೇಲೆ ಅವನಿಗೆ ಯಾರು ಹೊಡೀತಾರ್ರಿ?

ಪೊಲೀಸ್ ಸ್ಟೋರಿ ಹೆಸರು ಹೇಳದೆ ಮುಂದೆ ಹೋಗೋ ಹಂಗಿಲ್ಲ. 1996ರದ್ದು, ಸಾಯಿಕುಮಾರ್ ಹೀರೋ, ನಿರ್ದೇಶಕ ಥ್ರಿಲ್ಲರ್ ಮಂಜು. ಅವರೇ ಫೈಟ್ ಮಾಸ್ಟರ್. ಫೈಟ್ ಗೊತ್ತಿರೋ ಮನುಷ್ಯನ ಕೈಯಲ್ಲಿ ಇಡೀ ಸಿನಿಮಾ ಇತ್ತು. ಅದರಲ್ಲಿ ಸಾಯಿಕುಮಾರ್ ಡೈಲಾಗೇ ಅರ್ಧ ಫೈಟು ಮಾಡುತ್ತೆ, ಕೈ ಆಮೇಲೆ ಏಳೋದು. ಎರಡನೇ ಭಾಗ ಬರೋಕೆ 2007 ಆಯ್ತು, ಹನ್ನೊಂದು ವರ್ಷ. ಅಷ್ಟರಲ್ಲಿ ಓಂ, ಜೋಗಿ ನೋಡಿ, ದುನಿಯಾದ ಬೀದಿ ಹೊಡೆದಾಟವನ್ನೂ ನೋಡಿದ್ದ ಪ್ರೇಕ್ಷಕರಿಗೆ ಅದೇ ಗುಡುಗು ಹೊಸದು ಅನ್ನಿಸ್ಲಿಲ್ಲ.

ಈಗ ಸ್ವಲ್ಪ ಟೆಕ್ನಿಕಲ್ ವಿಷಯ. ಒಂದು ಹೊಡೆತ ನಮಗೆ 'ತಾಗಬೇಕು' ಅಂದ್ರೆ ಮೂರು ಸಂಗತಿ ಕಾಣ್ಬೇಕು: ಕೈ ಹಿಂದಕ್ಕೆ ಹೋಗೋದು, ಬಂದು ಬೀಳೋದು, ಬಿದ್ದವನ ಮೈ ಅದಕ್ಕೆ ಏನು ಮಾಡ್ತು ಅನ್ನೋದು. ಮೂರೂ ಒಂದೇ ಶಾಟಿನಲ್ಲಿ ಕಂಡ್ರೆ ನಮ್ಮ ಹೊಟ್ಟೆಯೊಳಗೆ ಏನೋ ಆಗುತ್ತೆ. ಈಗ ಏನಾಗ್ತಿದೆ? ಕೈ ಹಿಂದಕ್ಕೆ ಹೋಗೋದು ಸ್ಲೋ ಮೋಷನ್. ಬೀಳೋ ಹೊತ್ತಿಗೆ ಕಟ್. ಮುಂದಿನ ಶಾಟಿನಲ್ಲಿ ಐದು ಜನ ರೋಪ್‌ನಲ್ಲಿ ಹಿಂದಕ್ಕೆ ಹಾರ್ತಾರೆ, ರೋಪನ್ನ ಕಂಪ್ಯೂಟರಿನಲ್ಲಿ ಅಳಿಸಿರ್ತಾರೆ. ನಡುವಿನ ತುಂಡೇ ಇಲ್ಲ. ಅದನ್ನ ಮುಚ್ಚೋಕೆ ಸೌಂಡು. ಸ್ಪೀಕರ್ ಹರಿಯೋ ಹಂಗೆ 'ಢಬ್' ಅನ್ನಿಸಿದ್ರೆ ಕಿವಿಗೆ ಪೆಟ್ಟು ಬೀಳುತ್ತೆ, ಎದೆಗೆ ಅಲ್ಲ.

ನಡುವಿನ ತುಂಡು ಯಾಕೆ ಮಾಯ ಆಯ್ತು? ಇದಕ್ಕೆ ಉತ್ತರ ಕ್ಯಾಮರಾದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ ಅಂತ ನನಗನ್ಸೋದು. ಮೊದಲನೇ ಭಾಗದ ಹೊತ್ತಿಗೆ ಹೀರೋ ಹತ್ರ ಟೈಮ್ ಇರುತ್ತೆ, ಹಸಿವೂ ಇರುತ್ತೆ. ಅದು ಹಿಟ್ ಆದ ಮೇಲೆ ಅವನ ಒಂದೊಂದು ದಿನಕ್ಕೂ ಬೆಲೆ. ಫೈಟಿಗೆ ರಿಹರ್ಸಲ್ ಅಂತ ತಿಂಗಳುಗಟ್ಟಲೆ ಅವನನ್ನ ಕೂಡಿಹಾಕೋಕೆ ಯಾವ ನಿರ್ಮಾಪಕನಿಗೂ ಧೈರ್ಯ ಬರಲ್ಲ. ಅರ್ಧ ಡೂಪ್ ಮಾಡ್ತಾನೆ, ಮುಖ ಕಾಣಬಾರದು ಅಂತ ಎಡಿಟರ್ ಕತ್ತರಿಸ್ತಾನೆ. ಮೇಲೆ ರೀಲ್ಸ್ ಬೇರೆ. ಹದಿನೈದು ಸೆಕೆಂಡಿಗೆ ಒಂದು 'ಎಲಿವೇಷನ್' ಸಿಕ್ರೆ ಸಾಕು, ಫೈಟಿಗೆ ತಲೆ, ನಡು, ಬಾಲ ಯಾಕೆ? ನಮ್ಮ ಫೋನಿನ ಉದ್ದುದ್ದ ಸ್ಕ್ರೀನಿಗೆ ಹೊಂದೋ ಹಂಗೆ ಹೀರೋ ಒಬ್ಬನೇ ನಡುವೆ ನಿಂತಿರ್ತಾನೆ, ಹೊಡೆಸಿಕೊಳ್ಳೋರು ಫ್ರೇಮಿನ ಆಚೆ. ಇದರಲ್ಲಿ ನಮ್ಮ ಪಾಲೂ ಐತಿ. ಆ ತುಣುಕನ್ನ ಸ್ಟೇಟಸ್‌ಗೆ ಹಾಕೋರು ನಾವೇ ಅಲ್ವಾ.

ಸೀಕ್ವೆಲ್ ಅಂದ್ರೇನೇ ಹಾಳು ಅಂತ ನಾನು ಹೇಳ್ತಿಲ್ಲ. ಜಾನ್ ವಿಕ್ ನಾಲ್ಕನೇ ಚಾಪ್ಟರ್ 2023ರಲ್ಲಿ ಬಂತು. ಪ್ಯಾರಿಸ್‌ನಲ್ಲಿ 222 ಮೆಟ್ಟಿಲು ಹತ್ತೋ ಫೈಟು ಇದೆ. ಕಷ್ಟಪಟ್ಟು ಮೇಲೆ ಹೋದವನನ್ನ ಒದ್ದು ಮತ್ತೆ ಕೆಳಗೆ ಉರುಳಿಸ್ತಾರೆ. ಇಡೀ ಥಿಯೇಟರ್ 'ಅಯ್ಯೋ' ಅನ್ನುತ್ತೆ. ನಾಲ್ಕನೇ ಭಾಗದಲ್ಲೂ ಅವನಿಗೆ ಸುಸ್ತಾಗುತ್ತೆ, ನೋವಾಗುತ್ತೆ. ಅದರ ನಿರ್ದೇಶಕ ಚಾಡ್ ಸ್ಟಹೆಲ್ಸ್ಕಿ ಮೊದಲು ಸ್ಟಂಟ್‌ಮ್ಯಾನ್ ಆಗಿದ್ದವರು, ಕೀನು ರೀವ್ಸ್‌ಗೇ ಮ್ಯಾಟ್ರಿಕ್ಸ್‌ನಲ್ಲಿ ಡೂಪ್ ಮಾಡಿದ್ದವರು. ನಮ್ಮಲ್ಲೂ ನೋಡ್ರಿ: 2022ರ ಕಾಂತಾರದಲ್ಲಿ ಕ್ಲೈಮ್ಯಾಕ್ಸಿಗೆ ಶಿವ ಸಾಯೋ ಹಂಗೆ ಏಟು ತಿಂದ ಮೇಲೇ ಗುಳಿಗ ಮೈಮೇಲೆ ಬರೋದು. ಮೊದಲು ಬಿದ್ದಿದ್ದಕ್ಕೆ ಏಳೋದಕ್ಕೆ ಬೆಲೆ. 2025ರ ಅಕ್ಟೋಬರ್‌ನಲ್ಲಿ ಬಂದ ಚಾಪ್ಟರ್ ಒಂದರಲ್ಲಿ ಎಲ್ಲವೂ ದೊಡ್ಡದಾಯ್ತು, ಕೊನೆ ಯುದ್ಧದಲ್ಲಿ ನನಗೆ ಸ್ವಲ್ಪ ಆಯಾಸ ಆಯ್ತು. ಆದ್ರೆ ಆ ರಥದ ಸೀನು ಇದೆಯಲ್ಲ, ಅದು ಚೊಕ್ಕ. ರಥ ಎಲ್ಲಿದೆ, ಯಾರು ಅಡ್ಡ ಬಂದ್ರು, ತಪ್ಪಿದ್ರೆ ಏನಾಗುತ್ತೆ, ಎಲ್ಲ ಕಾಣುತ್ತೆ. ಮಫ್ತಿಯಲ್ಲಿ ಇಂಟರ್ವಲ್ ಹೊತ್ತಿಗೆ ಬಂದ ಶಿವಣ್ಣ ಬರೀ ಕಣ್ಣಲ್ಲೇ ಹೆದರಿಸಿದ್ರು. 2024ರಲ್ಲಿ ಅದರ ಹಿಂದಿನ ಕತೆ ಭೈರತಿ ರಣಗಲ್ ಬಂತು. ನನಗೆ ಅದರಲ್ಲಿ ಲಾಯರ್ ರಣಗಲ್ ಇಷ್ಟ ಆದ, ಮಚ್ಚು ಹಿಡಿದ ರಣಗಲ್ ಅಷ್ಟಾಗಿ ಅಲ್ಲ.

ಈಗ ಕಷ್ಟದ ಭಾಗಕ್ಕೆ ಬರ್ತೀನಿ. 'ನಿಜವಾದ ಫೈಟು ಬೇಕು' ಅಂತ ಫೋನ್ ಹಿಡ್ಕೊಂಡು ಹೇಳೋದು ಸುಲಭ. 2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ. ಮಾಸ್ತಿಗುಡಿ ಸಿನಿಮಾದ ಕ್ಲೈಮ್ಯಾಕ್ಸ್. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಮೂವರಲ್ಲಿ ದುನಿಯಾ ವಿಜಯ್ ದಡ ಸೇರಿದ್ರು. ಅನಿಲ್ ಮತ್ತು ಉದಯ್ ವಾಪಸ್ ಬರ್ಲಿಲ್ಲ. ಲೈಫ್ ಜಾಕೆಟ್ ಇರ್ಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ರ ಇನ್ನೊಂದು ಸಿನಿಮಾದ ಫೈಟು ಶೂಟಿಂಗಿನಲ್ಲಿ ವಿದ್ಯುತ್ ತಂತಿ ತಗುಲಿ ಇಪ್ಪತ್ತೆಂಟು ವರ್ಷದ ಫೈಟರ್ ಒಬ್ಬರು ತೀರಿಕೊಂಡ್ರು. ನನ್ನ ವಯಸ್ಸು, ಈ ಎಪಿಸೋಡ್ ಕೇಳ್ತಿರೋ ಬಹಳ ಜನರ ವಯಸ್ಸು.

ಹಂಗಾಗಿ ರೋಪ್ ಬ್ಯಾಡ, ಗ್ರಾಫಿಕ್ಸ್ ಬ್ಯಾಡ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಅಪಾಯ ಬೇರೆ, ಕಸುಬು ಬೇರೆ. ಬಯಲಾಟದ ಮರದ ಕತ್ತಿ ಯಾರನ್ನೂ ಕೊಂದಿಲ್ಲ, ಆದ್ರೂ ಜನ ಬೆಳಗಿನ ತನಕ ಕೂತಿರ್ತಾರೆ. ತಮಾಷೆ ಏನಂದ್ರೆ, ಜೀವ ಉಳಿಸೋದೂ ಫೈಟು ಚೆಂದ ಮಾಡೋದೂ ಒಂದೇ ಸಂಗತಿ: ಮೊದಲೇ ರಿಹರ್ಸಲ್, ಮೊದಲೇ ಪ್ಲ್ಯಾನ್, ಅವಸರ ಇಲ್ಲದ ದಿನಗಳು. ಬಜೆಟ್ ನೂರಾರು ಕೋಟಿ ಆದ್ರೂ ಕತ್ತರಿ ಮೊದಲು ಬೀಳೋದು ಆ ದಿನಗಳಿಗೇ. ಗಾಜು ಒಡೆಯೋಕೆ ದುಡ್ಡಿರುತ್ತೆ, ಗಾಜಿನ ಮೇಲೆ ಬೀಳೋ ಹುಡುಗನಿಗೆ ಎರಡು ವಾರ ಪ್ರಾಕ್ಟೀಸ್ ಮಾಡ್ಸೋಕೆ ಇರಲ್ಲ.

ಅಂಥವರ ಹೆಸರೂ ನಮಗೆ ಗೊತ್ತಿರಲ್ಲ. ನಮ್ಮ ದೇಶದ ರಾಷ್ಟ್ರಪ್ರಶಸ್ತಿಯಲ್ಲಿ ಸಾಹಸಕ್ಕೆ ಅಂತ ಬೇರೆ ವಿಭಾಗ ಶುರುವಾಗಿದ್ದು 2016ರ ಸಿನಿಮಾಗಳಿಂದ, ಮೊದಲನೇದು ಪುಲಿಮುರುಗನ್‌ಗೆ ಹೋಯ್ತು. ಆಸ್ಕರ್‌ನವರು ಇನ್ನೂ ಲೇಟು. 2027ರಲ್ಲಿ ಬಿಡುಗಡೆ ಆಗೋ ಸಿನಿಮಾಗಳಿಂದ ಸ್ಟಂಟ್‌ಗೆ ಪ್ರಶಸ್ತಿ ಕೊಡ್ತೀವಿ ಅಂತ 2025ರಲ್ಲಿ ಹೇಳಿದ್ರು. ನೂರನೇ ಆಸ್ಕರ್ ಹೊತ್ತಿಗೆ ನೆನಪಾಯ್ತು ನೋಡ್ರಿ, ಸಿನಿಮಾದಲ್ಲಿ ಬೀಳೋರೂ ಇದಾರೆ ಅಂತ.

ಇನ್ನು ನಿಮ್ಮ ಸರದಿ. ಯಾವ ಸಿನಿಮಾದ ಎರಡನೇ ಭಾಗದ ಫೈಟು ಮೊದಲನೇದಕ್ಕಿಂತ ಚಲೋ ಇತ್ತು ಅಂತ ನಿಮಗನ್ಸುತ್ತೆ? ಹೆಸರು ಹೇಳಿ, ಯಾಕೆ ಅಂತ ಒಂದು ನಿಮಿಷದೊಳಗೆ ವಾಯ್ಸ್ ಮೆಸೇಜ್ ಕಳಿಸ್ರಿ. 'ಬಾಸ್ ಇದಾರೆ ಅದಕ್ಕೆ' ಅನ್ನೋ ಕಾರಣ ತಗೊಳಲ್ಲ. ಮುಂದಿನ ವಾರ ಅದರಲ್ಲಿ ನಾಲ್ಕೈದನ್ನ ಹಾಕಿ, ಶಾಟ್ ಶಾಟ್ ಬಿಚ್ಚಿ ನೋಡೋಣ. ಬರ್ತೀನ್ರಿ.