ಮೋಟಾರಿನ ನಂಬರು ಯಾರ ಸ್ವತ್ತು?

(ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಮೋಟಾರುಗಾಡಿಗೆ ಮೆಚ್ಚಿನ ನಂಬರು ಕೊಂಡುಕೊಳ್ಳುವ ವಿಚಾರ ಎಂದು ಹೊರಗಿನ ಹಲಗೆಯ ಮೇಲೆ ಬರೆದದ್ದನ್ನು ನೋಡಿ ನಿಮ್ಮಲ್ಲಿ ಕೆಲವರು ನಕ್ಕಿದ್ದೀರಿ. ನಗುವುದು ಸಹಜ. ಇಲ್ಲಿ ಕುಳಿತವರಲ್ಲಿ ಹೆಚ್ಚಿನವರ ಹತ್ತಿರ ಇರುವುದು ಒಂದು ಹಳೆಯ ಬೈಕು, ಇಲ್ಲವೆ ಸಾಲದ ಮೇಲೆ ತಂದ ಆಟೋ ಅಥವಾ ಸಾಮಾನು ಸಾಗಿಸುವ ಗಾಡಿ. ಕಾರಿನ ನಂಬರಿಗೆ ಲಕ್ಷ ಲಕ್ಷ ಸುರಿಯುವವರ ಸುದ್ದಿ ನಮಗೇಕೆ ಎಂದು ಕೇಳಬಹುದು. ನಾವು ಹೇಳುವುದೇನೆಂದರೆ, ಆ ನಂಬರಿನ ಅಗತ್ಯ ಕಾರಿನ ಒಳಗೆ ಕುಳಿತವನಿಗಿಂತ ರಸ್ತೆಯ ಬದಿಯಲ್ಲಿ ನಡೆಯುವವನಿಗೇ ಹೆಚ್ಚು. ಅದನ್ನೇ ಇಂದು ವಿವರಿಸುತ್ತೇವೆ.

ಮೊದಲು ಈ ನಂಬರು ಹುಟ್ಟಿದ್ದು ಹೇಗೆ ಎಂಬುದನ್ನು ನೋಡೋಣ. 1893ರ ಆಗಸ್ಟಿನಲ್ಲಿ ಪ್ಯಾರಿಸ್ ನಗರದ ಪೊಲೀಸರು ಒಂದು ಕಟ್ಟಳೆ ಹೊರಡಿಸಿದರು. ಪ್ರತಿ ಮೋಟಾರಿಗೂ ಒಂದು ಲೋಹದ ಫಲಕ ಇರಬೇಕು, ಅದರಲ್ಲಿ ಮಾಲಿಕನ ಹೆಸರು, ವಿಳಾಸ, ನಂಬರು ಕಾಣುವಂತಿರಬೇಕು ಎಂದರು. ಇಂಗ್ಲೆಂಡಿನಲ್ಲಿ 1903ರ ಮೋಟಾರು ಕಾರು ಕಾಯಿದೆಯ ಮೇರೆಗೆ 1904ರ ಜನವರಿ 1ರಿಂದ ನಂಬರು ಕಡ್ಡಾಯವಾಯಿತು. ಕಾರಣ ಸರಳವಾದದ್ದು. ಕುದುರೆಗಾಡಿಯವನು ಯಾರನ್ನಾದರೂ ಕೆಡವಿದರೆ ಓಡಿ ಹಿಡಿಯಬಹುದಾಗಿತ್ತು. ಮೋಟಾರಿನವನು ಧೂಳೆಬ್ಬಿಸಿ ಮಾಯವಾಗುತ್ತಿದ್ದ. ಅವನಾರೆಂದು ಹೇಳಲು ದಾರಿಹೋಕನಿಗೆ ಒಂದು ಗುರುತು ಬೇಕಾಗಿತ್ತು. ಹಾಗಾಗಿ ನಂಬರು ಎಂಬುದು ಹುಟ್ಟಿನಿಂದಲೇ ಮಾಲಿಕನ ಮೇಲೆ ಸಮಾಜ ಹಾಕಿದ ಒಂದು ಜವಾಬ್ದಾರಿ. ಗಿರಣಿಯ ಬಾಗಿಲಲ್ಲಿ ಕೂಲಿಗಾರನಿಗೆ ಕೊಟ್ಟ ಬಿಲ್ಲೆಗೂ, ರೈಲ್ವೆ ನಿಲ್ದಾಣದ ಹಮಾಲನ ತೋಳಿನ ಬಿಲ್ಲೆಗೂ ಇರುವ ಉದ್ದೇಶವೇ ಇದಕ್ಕೂ ಇತ್ತು. ನಮ್ಮ ಬಿಲ್ಲೆಯ ನಂಬರನ್ನು ಆರಿಸಿಕೊಳ್ಳಿರೆಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ನಮಗೂ ತೋರಲಿಲ್ಲ.

ಶ್ರೀಮಂತನಿಗೆ ಮಾತ್ರ ಬಿಲ್ಲೆಯೂ ಒಡವೆಯಾಗಬೇಕು. ಇಂಗ್ಲೆಂಡಿನ ಸರಕಾರ 1989ರಿಂದ ಮೆಚ್ಚಿನ ನಂಬರುಗಳನ್ನು ತಾನೇ ಮಾರತೊಡಗಿತು. 2014ರಲ್ಲಿ '25 ಒ' ಎಂಬ ಒಂದು ನಂಬರಿಗೆ 5 ಲಕ್ಷ 18 ಸಾವಿರ ಪೌಂಡು ಬಂತು. ಅಬುಧಾಬಿಯಲ್ಲಿ 2008ರಲ್ಲಿ ಬರಿಯ '1' ಎಂಬ ಫಲಕಕ್ಕೆ 5 ಕೋಟಿ 22 ಲಕ್ಷ ದಿರ್ಹಂ ಸವಾಲಾಯಿತು. ದುಬೈಯಲ್ಲಿ 2023ರಲ್ಲಿ 'ಪಿ 7' ಎಂಬುದು 5 ಕೋಟಿ 50 ಲಕ್ಷ ದಿರ್ಹಮಿಗೆ ಹೋಯಿತು. ಹಾಂಗ್‌ಕಾಂಗಿನಲ್ಲಿ 2021ರಲ್ಲಿ 'ಡಬ್ಲ್ಯೂ' ಎಂಬ ಒಂದೇ ಅಕ್ಷರಕ್ಕೆ ಅಲ್ಲಿಯ 2 ಕೋಟಿ 60 ಲಕ್ಷ ಡಾಲರು ಕೊಟ್ಟರು. ಅಂಗೈ ಅಗಲದ ತಗಡು, ಅದರ ಮೇಲೆ ಒಂದು ಅಕ್ಷರ. ಅದಕ್ಕೆ ಇಷ್ಟು ಬೆಲೆ.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಸ್ವಂತ ಹೆಸರನ್ನೋ ಬಿರುದನ್ನೋ ಫಲಕದ ಮೇಲೆ ಬರೆಸಿಕೊಳ್ಳಲು ಕಾನೂನಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ನೋಂದಣಿ ಗುರುತನ್ನು ಕೊಡುವುದು ಅಧಿಕಾರಿಯ ಕೆಲಸ. ರಾಜ್ಯದ ಅಕ್ಷರ, ಕಚೇರಿಯ ಸಂಖ್ಯೆ, ಸರಣಿಯ ಅಕ್ಷರ, ಕೊನೆಗೆ 1ರಿಂದ 9999ರ ಒಳಗಿನ ಒಂದು ಅಂಕಿ. ಆರಿಸಿಕೊಳ್ಳಲು ಸಿಗುವುದು ಈ ಕೊನೆಯ ಅಂಕಿ ಮಾತ್ರ. ಹೊಸ ಸರಣಿ ತೆರೆದಾಗ 1, 9, 99, 786, 9999 ಮುಂತಾದವಕ್ಕೆ ಅರ್ಜಿಗಳು ಬೀಳುತ್ತವೆ. ಒಂದೇ ನಂಬರಿಗೆ ಹಲವರು ಬಂದರೆ ಹರಾಜು ಕೂಗುತ್ತಾರೆ. ಹೆಚ್ಚು ಕೂಗಿದವನಿಗೆ ನಂಬರು.

ಎರಡು ಉದಾಹರಣೆ ಸಾಕು. 2022ರಲ್ಲಿ ಚಂಡೀಗಢದಲ್ಲಿ ಒಬ್ಬರು '0001' ನಂಬರನ್ನು 15 ಲಕ್ಷ 44 ಸಾವಿರ ರೂಪಾಯಿಗೆ ಹಿಡಿದರು. ಅದನ್ನು ಹಾಕಲಿದ್ದುದು ಸುಮಾರು 71 ಸಾವಿರ ರೂಪಾಯಿಯ ಒಂದು ಸ್ಕೂಟರಿಗೆ. ಆ ನಂಬರಿನ ಹಣದಲ್ಲಿ ಅಂಥ ಇಪ್ಪತ್ತೊಂದು ಸ್ಕೂಟರು ಬರುತ್ತಿದ್ದವು. 2025ರ ನವೆಂಬರಿನಲ್ಲಿ ಹರಿಯಾಣದಲ್ಲಿ 'ಎಚ್‌ಆರ್ 88 ಬಿ 8888' ಎಂಬ ನಂಬರಿನ ಹರಾಜು 50 ಸಾವಿರದಿಂದ ಶುರುವಾಗಿ 1 ಕೋಟಿ 17 ಲಕ್ಷಕ್ಕೆ ಮುಟ್ಟಿತು. ಊರೆಲ್ಲ ಸುದ್ದಿ. ಗಡುವು ಬಂದಾಗ ಕೂಗಿದಾತ ಹಣವನ್ನೇ ಕಟ್ಟಲಿಲ್ಲ. ಆತನ ಆಸ್ತಿ ಎಷ್ಟೆಂದು ವಿಚಾರಿಸಿರೆಂದು ಅಲ್ಲಿಯ ಸಾರಿಗೆ ಮಂತ್ರಿ ಹೇಳಬೇಕಾಯಿತು. ಬಾಯಲ್ಲಿ ಕೋಟಿ, ಜೇಬಿನಲ್ಲಿ ಗೋಟಿ!

ಇನ್ನು ಶುಭಾಶುಭದ ಮಾತು. ನಮ್ಮ ಕಡೆ ಅಂಕಿಗಳನ್ನು ಕೂಡಿಸಿ ಎಂಟು ಬಂದರೆ ಅದು ಶನಿಯ ಸಂಖ್ಯೆ, ಬೇಡ ಎನ್ನುವವರಿದ್ದಾರೆ. ಒಂಬತ್ತು ಬರಲಿ ಎಂದು ಕಾದು ಕೂರುವವರಿದ್ದಾರೆ. ಹಾಂಗ್‌ಕಾಂಗಿನಲ್ಲಿ ಅದೇ ಎಂಟು ಸಂಪತ್ತಿನ ಸಂಖ್ಯೆ. ಆ ಅಂಕಿಯ ಉಚ್ಚಾರ ಅವರ ಭಾಷೆಯಲ್ಲಿ ಏಳಿಗೆಯ ಮಾತಿಗೆ ಹತ್ತಿರವಂತೆ. ಅವರು ಅಂಜುವುದು ನಾಲ್ಕಕ್ಕೆ. ಅದು ಸಾವಿನ ಶಬ್ದದಂತೆ ಕೇಳಿಸುತ್ತದೆ. ಒಂದು ಊರಿನ ಶನಿ ಇನ್ನೊಂದು ಊರಿನ ಲಕ್ಷ್ಮಿಯಾದರೆ ದೋಷ ಅಂಕಿಯಲ್ಲಿದೆಯೆ, ನಮ್ಮ ಅಂಜಿಕೆಯಲ್ಲಿದೆಯೆ? ಬ್ರೇಕು ಹಿಡಿಯದ ಗಾಡಿಯನ್ನು ಯಾವ ಒಂಬತ್ತೂ ನಿಲ್ಲಿಸಲಾರದು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. "ಹಣವಿದ್ದವನು ಕೊಡುತ್ತಾನೆ, ಸರಕಾರದ ಬೊಕ್ಕಸಕ್ಕೆ ಸೇರುತ್ತದೆ, ನಿಮಗೇನು ಸಂಕಟ?" ಎಂದು. ನ್ಯಾಯವಾದ ಪ್ರಶ್ನೆ. ದೊಡ್ಡವರ ಶಿಫಾರಸು ಚೀಟಿಯಿಂದ ಒಳಬಾಗಿಲಲ್ಲಿ ನಂಬರು ಕೊಡುವುದಕ್ಕಿಂತ ಬಹಿರಂಗ ಹರಾಜು ಎಷ್ಟೋ ವಾಸಿ. ಹರಾಜು ನಿಲ್ಲಲಿ ಎಂದು ನಾವು ಕೇಳುವುದಿಲ್ಲ. ಒಣಜಂಭಕ್ಕೆ ತೆರಿಗೆ ಬಿದ್ದರೆ ಬೀಳಲಿ. ಆದರೆ ಬಂದ ಹಣ ಎಲ್ಲಿ ಹೋಯಿತೆಂದು ಕೇಳುವ ಹಕ್ಕು ನಮಗಿದೆ. ದುಬೈಯ ಆ 'ಪಿ 7' ಫಲಕದ ಹಣ ಹಸಿದವರಿಗೆ ಅನ್ನ ಕೊಡುವ ನಿಧಿಗೆ ಎಂದು ಮೊದಲೇ ಸಾರಿ ಕೂಗಿದ್ದು. ನಮ್ಮಲ್ಲಿಯೂ ನಂಬರಿನ ಹಣ ಅಪಘಾತದಲ್ಲಿ ಕೈಕಾಲು ಕಳೆದುಕೊಂಡವರಿಗೆ ಎಂದು ಗೊತ್ತುಮಾಡಬಾರದೇಕೆ?

ಈಗ ಮುಖ್ಯ ಮಾತಿಗೆ ಬರುತ್ತೇವೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಒಬ್ಬ ಕೂಲಿಗಾರನಿಗೆ ಗಾಡಿ ಬಡಿದು ಹೋಯಿತೆನ್ನಿ. ಗಾಡಿಯ ನಂಬರು ಸಿಕ್ಕರೆ ಮಾಲಿಕ ಸಿಗುತ್ತಾನೆ, ಅವನ ವಿಮೆ ಸಿಗುತ್ತದೆ. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಸತ್ತವನ ವಯಸ್ಸು, ಸಂಬಳ, ಅವನನ್ನು ನಂಬಿದ ಹೆಂಡತಿ ಮಕ್ಕಳು, ಎಲ್ಲವನ್ನೂ ಲೆಕ್ಕ ಹಿಡಿದು ಪರಿಹಾರ ಗೊತ್ತುಮಾಡುತ್ತಾರೆ. ನಂಬರು ಸಿಗದೆ ಹೋದರೆ? ಆಗ ಕಾಯಿದೆಯ 161ನೆಯ ಕಲಮಿನ ಕೆಳಗೆ ಗೊತ್ತುಪಡಿಸಿದ ಮೊತ್ತ ಅಷ್ಟೆ. ಅದು ಮೊದಲು ಸಾವಿಗೆ 25 ಸಾವಿರ, ತೀವ್ರ ಗಾಯಕ್ಕೆ ಹನ್ನೆರಡೂವರೆ ಸಾವಿರ ಇತ್ತು. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಆಗಿದೆ. ಹರಿಯಾಣದ ಆ 8888ಕ್ಕೆ ಕೂಗಿದ ಹಣವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಐವತ್ತೆಂಟು ಸಾವುಗಳ ಪರಿಹಾರ ಅದರಲ್ಲಿ ಆಗುತ್ತದೆ!

ಆದ್ದರಿಂದ ನಂಬರು ಓದಲು ಬರುವಂತಿರಬೇಕು ಎಂಬುದೇ ನಮ್ಮ ಮೊದಲ ಬೇಡಿಕೆ. 8055 ಎಂಬ ಅಂಕಿಗಳನ್ನು ತಿರುಚಿ 'ಬಾಸ್' ಎಂದು ಇಂಗ್ಲಿಷಿನಲ್ಲಿ ಓದುವಂತೆ ಬರೆಸುವವನು, ಹಾರ ಇಳಿಬಿಟ್ಟು ಫಲಕ ಮುಚ್ಚುವವನು, ಕೆಸರು ಹತ್ತಿದರೂ ಒರೆಸದವನು, ಇವರೆಲ್ಲ ದಾರಿಹೋಕನ ಸಾಕ್ಷಿಯನ್ನು ಅಳಿಸುತ್ತಿದ್ದಾರೆ. ಇದಕ್ಕೆಂದೇ 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲ ಅತಿ ಸುರಕ್ಷಿತ ಫಲಕ ಕಡ್ಡಾಯವಾಗಿದೆ. ಅದನ್ನು ಕಿತ್ತರೆ ಮತ್ತೆ ಕೂಡಿಸಲು ಬರುವುದಿಲ್ಲ. ಅಕ್ಷರ ಒಂದೇ ಬಗೆ. ಹಳೆಯ ಗಾಡಿಗಳಿಗೂ ಹಾಕಿಸಬೇಕೆಂದು ನಮ್ಮ ರಾಜ್ಯದಲ್ಲಿ 2023ರಲ್ಲಿ ಆಜ್ಞೆಯಾಯಿತು. ಹಣ ಹೋಯಿತೆಂದು ಗೊಣಗಿದವರು ಬಹಳ. ನಮಗೂ ಖರ್ಚೇ. ಆದರೆ ಕೋಟಿ ಬೆಲೆಯ ಕಾರಿಗೂ ನಮ್ಮ ಆಟೋಗೂ ಅಕ್ಷರದ ಬಗೆಯಲ್ಲಿ ಪಕ್ಷಪಾತ ಇರಬಾರದು ಎಂಬ ತತ್ವ ಒಳ್ಳೆಯದು. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ಇಳಿಯಿತು. ರಸ್ತೆಯ ಮೇಲೆ ಎಲ್ಲರೂ ಒಂದೇ ಎಂಬ ಕಡೆಗೆ ಅದೂ ಒಂದು ಹೆಜ್ಜೆ.

ನೀವು ಮನೆಗೆ ಒಯ್ಯಬೇಕಾದ ಮಾತು ಕೆಲವೇ ಇವೆ. ಅಪಘಾತ ಕಂಡರೆ ಮೊದಲು ಬಿದ್ದವನನ್ನು ಎತ್ತಿ. ಹತ್ತಿರವಿದ್ದ ಇನ್ನೊಬ್ಬರು ನಂಬರು ಗುರುತಿಸಲಿ. ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿ, ಗಾಡಿಯ ಬಣ್ಣ, ಫಲಕ ಬಿಳಿಯೋ ಹಳದಿಯೋ ಎಂಬುದಾದರೂ ನೆನಪಿಡಲಿ. ಬಿಳಿಯದು ಸ್ವಂತದ ಗಾಡಿ, ಹಳದಿಯದು ಬಾಡಿಗೆಯದು. ಅಷ್ಟರಿಂದಲೂ ಹುಡುಕಾಟ ಹಗುರವಾಗುತ್ತದೆ. ಗಾಡಿ ಪತ್ತೆಯಾಗದಿದ್ದರೆ ಕೈಚೆಲ್ಲಬೇಡಿ. ಉಪವಿಭಾಗಾಧಿಕಾರಿಗಳಿಗೆ ಅಥವಾ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಆ 2 ಲಕ್ಷವನ್ನಾದರೂ ಪಡೆಯಿರಿ. ಒಂದು ತಿಂಗಳೊಳಗೆ ಗಾಡಿ ಸಿಗದಿದ್ದರೆ ಈ ಪರಿಹಾರದ ವಿಷಯವನ್ನು ಪೊಲೀಸರೇ ನೊಂದವರಿಗೆ ಬರೆದು ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿದೆ. ಅವರು ತಿಳಿಸದಿದ್ದರೆ ನೀವು ಕೇಳಿ. ಬರೆಯಲು ಬಾರದವರು ಸಂಘದ ಕಚೇರಿಗೆ ಬನ್ನಿ, ಅರ್ಜಿ ಬರೆದುಕೊಡುತ್ತೇವೆ.

ಕೊನೆಗೆ ಗಾಡಿ ಕೊಳ್ಳುವ ತಮ್ಮಂದಿರಿಗೆ ಒಂದು ಮಾತು. ಕಂತು ಕಟ್ಟಬೇಕಾದ ಹಣದಲ್ಲಿ ನಂಬರು ಕೊಳ್ಳಬೇಡಿ. ಸರದಿಯಲ್ಲಿ ಬಂದ ನಂಬರು ತೆಗೆದುಕೊಳ್ಳಿ. ಮಿಕ್ಕ ಹಣದಲ್ಲಿ ವಿಮೆ ಕಟ್ಟಿ, ಟೈರು ಬದಲಿಸಿ, ಹೆಲ್ಮೆಟ್ ಕೊಳ್ಳಿ. ನಿಮ್ಮ ನಂಬರು ಯಾವುದಾದರೂ ಇರಲಿ. ಯಾರ ಬಾಯಲ್ಲೂ ಅದು ಪೊಲೀಸರ ಮುಂದೆ ಬಾರದಂತೆ ಗಾಡಿ ನಡೆಸಿದರೆ ಅದೇ ಒಳ್ಳೆಯ ನಂಬರು.